ಸಿತಾರ್ ರೆಕಾರ್ಡಿಂಗ್‌ಗೆ ಯಾವ ಕೋಣೆ? ಹಳೇ ಪಡಸಾಲೆ ಬಿಡಬೇಡಿ

ಅಣ್ಣ, ನಮಸ್ಕಾರ. ಗಂಗಾವತಿ ಮನೆಯಲ್ಲಿ ಮೂರು ಜಾಗ ಇವೆ ಅಂದಿದ್ದೀರಿ. ಮಹಡಿ ಮೇಲಿನ ಎಂಟು ಬೈ ಎಂಟು ಅಡಿಯ ಹೊಸ ಕೋಣೆ, ಟೈಲ್ಸ್ ಹಾಕಿದ ಹಾಲ್, ಹಿತ್ತಲ ಕಡೆಯ ಹಳೇ ಮಾಳಿಗೆ ಮನೆಯ ಪಡಸಾಲೆ. ಮೇಲಿನ ಕೋಣೆಗೆ ಫೋಮ್ ಹಚ್ಚಿಸಿ ಅಲ್ಲೇ ಸಿತಾರ್ ರೆಕಾರ್ಡ್ ಮಾಡೋಣ ಅಂತ ನಿಮ್ಮ ಯೋಚನೆ. ದಯವಿಟ್ಟು ಆ ದುಡ್ಡು ಈಗಲೇ ಖರ್ಚು ಮಾಡಬೇಡಿ. ನನ್ನ ಓಟು ಪಡಸಾಲೆಗೆ.

ಯಾಕೆ ಅಂದ್ರೆ, ಎಂಟು ಅಡಿ ಅಂದರೆ ಸುಮಾರು 2.44 ಮೀಟರ್. ದನಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಹೋಗಿ ಬರುವ ಲೆಕ್ಕ ಹಾಕಿದರೆ 70 ಹರ್ಟ್ಸ್ ಆಸುಪಾಸಿನ ದನಿ ಅಲ್ಲೇ ಊದಿಕೊಳ್ಳುತ್ತದೆ. ಅದರ ದುಪ್ಪಟ್ಟು, 141ರ ಹತ್ತಿರವೂ ಹಾಗೇ. ನೀವು ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಸಿ ಶಾರ್ಪ್) ಶ್ರುತಿ ಮಾಡುವವರಾದರೆ ಖರ್ಜದ, ಅಂದರೆ ತೀರಾ ಕೆಳಗಿನ ದಪ್ಪ ತಂತಿಯ ಸಾ 69, ಅದರ ಮೇಲಿನ ಮಂದ್ರದ ಸಾ 139. ಎರಡೂ ಅಲ್ಲೇ ಬಂದು ಬೀಳುತ್ತವೆ! ಉದ್ದ ಅಗಲ ಒಂದೇ ಆಗಿದ್ದರಿಂದ ಪೆಟ್ಟು ಇನ್ನೂ ಜಾಸ್ತಿ.

ರಾಯಚೂರಿನ ನಮ್ಮ ಮನೆಯಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಚಿಕ್ಕ ಕೋಣೆಗೆ ಸುತ್ತಲೂ ಒಂದಿಂಚಿನ ಫೋಮ್ ಅಂಟಿಸಿದೆ. ತೆಳು ಫೋಮ್ ಮೇಲಿನ ಸ್ಥಾಯಿಯ ದನಿಯನ್ನಷ್ಟೇ ಹೀರುತ್ತದೆ, ಕೆಳಗಿನದ್ದನ್ನು ಮುಟ್ಟುವುದೇ ಇಲ್ಲ. ಝಾಲಾದ (ಕೊನೆಯ ವೇಗದ ಮೀಟಿನ) ಹೊಳಪು ಹೋಯಿತು, ತರಫ್ ತಂತಿಗಳ, ಅಂದರೆ ಅಡಿಯಲ್ಲಿ ತಾವಾಗೇ ಮಿಡಿಯುವ ತಂತಿಗಳ, ಝೇಂಕಾರ ಸತ್ತಿತು. ಖರ್ಜ ಮಾತ್ರ ಕೊಡದೊಳಗೆ ಬಾರಿಸಿದ ಹಾಗೆ ಗುಮ್ಮೆಂದಿತು. ಮೊಟ್ಟೆಯ ಟ್ರೇ ಅಂಟಿಸಿದರೂ ಖರ್ಜಕ್ಕೆ ಏನೂ ಆಗುವುದಿಲ್ಲ.

ಪಡಸಾಲೆಯಲ್ಲಿ ಹೀಗಾಗುವುದು ಕಡಿಮೆ. ಜಾಗ ದೊಡ್ಡದು, ಉದ್ದ ಅಗಲ ಬೇರೆ ಬೇರೆ. ಮಣ್ಣಿನ ಗೋಡೆ ನುಣುಪಾಗಿಲ್ಲ, ಮೇಲೆ ತೊಲೆ ಜಂತಿ, ನಡುವೆ ಕಂಬ. ದನಿ ಒಂದೇ ದಾರಿಯಲ್ಲಿ ವಾಪಸ್ ಬರದೆ ಚದುರುತ್ತದೆ. ಮೂಲೆಯಲ್ಲಿ ಭತ್ತದ ಚೀಲ ಒಟ್ಟಿದ್ದರೆ ಇರಲಿ ಬಿಡಿ, ಒಳ್ಳೆಯದೇ. ಹಿಂದಿನ ಗೋಡೆಗೆ ಒಂದೆರಡು ದಪ್ಪ ಕೌದಿ ತೂಗುಹಾಕಿ. ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟರೆ ಜಾಸ್ತಿ ಹೀರುತ್ತದೆ. ಆದರೆ ಎಲ್ಲ ಕಡೆ ಬಟ್ಟೆ ಮುಚ್ಚಬೇಡಿ. ಎದುರಿನ ಫರಸಿ ಕಲ್ಲು ಸ್ವಲ್ಪ ಬರಿದೇ ಇರಲಿ, ಜವಾರಿಗೆ (ತಂತಿ ಕುದುರೆಗೆ ಸವರಿ ಬರುವ ಝೇಂಕಾರಕ್ಕೆ) ಜೀವ ಬರುತ್ತದೆ.

ನನ್ನ ಮಾತು ಕೇಳಿ ಸುಮ್ನೆ ನಂಬಬೇಡಿ, ಕಿವಿಯಿಂದಲೇ ನೋಡಿ. ಮೂರೂ ಕಡೆ ಜೋರಾಗಿ ಒಂದೊಂದು ಚಪ್ಪಾಳೆ ತಟ್ಟಿ. ಹಾಲ್‌ನಲ್ಲಿ ಟರ್‌ರ್ ಅಂತ ಬಾಲ ಬರುತ್ತದೆ, ಗೋಡೆ ನೆಲ ಎರಡೂ ಬರಿ ಅಲ್ವಾ. ಆಮೇಲೆ ಖರ್ಜದಿಂದ ತಾರದವರೆಗೆ (ಮೇಲಿನ ಸ್ಥಾಯಿಯವರೆಗೆ) ಒಂದೊಂದೇ ಸ್ವರ ನಿಧಾನವಾಗಿ ಬಾರಿಸಿ, ಫೋನಲ್ಲೇ ರೆಕಾರ್ಡ್ ಮಾಡಿ. ಯಾವ ಸ್ವರ ಎದ್ದು ಕೂಗುತ್ತದೆ, ಯಾವುದು ಕಳೆದುಹೋಗುತ್ತದೆ, ಹೆಡ್‌ಫೋನಲ್ಲಿ ಗೊತ್ತಾಗುತ್ತದೆ. ಕೂತ ಜಾಗ ನಾಲ್ಕು ಅಡಿ ಸರಿಸಿ ಮತ್ತೆ ಮಾಡಿ. ನಟ್ಟನಡುವೆ ಬೇಡ, ಮೂಲೆಯಂತೂ ಬೇಡವೇ ಬೇಡ.

ಒಮ್ಮೆ ನನಗೆ ಪಂಚಮ ಬಾರಿಸಿದಾಗಲೆಲ್ಲ ಹಿಂದೆ ಸಣ್ಣ ಗುಂಯ್ ಕೇಳುತ್ತಿತ್ತು. ತಂತಿ ಬದಲಿಸಿದೆ, ಸಿತಾರಿನ ಮೆಟ್ಟಿಲು (ಫ್ರೆಟ್) ಸರಿಸಿದೆ, ಹೋಗಲಿಲ್ಲ. ಕೊನೆಗೆ ನೋಡಿದರೆ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ! ಬೆರಳಿಟ್ಟ ಕೂಡಲೇ ಸುಮ್ಮನಾಯಿತು. ನಿಮ್ಮ ಪಡಸಾಲೆಯಲ್ಲಿ ಪಾತ್ರೆ, ಫೋಟೋ ಫ್ರೇಮು ಇದ್ದರೆ ಮೊದಲು ಹೊರಗಿಡಿ.

ಇನ್ನು ಗದ್ದಲ. ಫ್ಯಾನ್, ಕೂಲರ್ ಬಂದ್. ಇನ್ವರ್ಟರ್ ಪಕ್ಕದಲ್ಲಿದ್ದರೆ ಅದರ 100 ಹರ್ಟ್ಸ್ ಗುಂಯ್‌ಗುಡುವಿಕೆ ರೆಕಾರ್ಡಿಂಗಲ್ಲಿ ಕೂತುಬಿಡುತ್ತದೆ. ಹತ್ತಿರ ರೈಸ್ ಮಿಲ್ ಇದ್ದರೆ ಅದು ನಿಂತ ಹೊತ್ತು ನೋಡಿಕೊಳ್ಳಿ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಸರಿ. ಸಿತಾರನ್ನು ಅರ್ಧ ಗಂಟೆ ಮೊದಲೇ ಬಾರಿಸುವ ಜಾಗದಲ್ಲಿಡಿ, ಬಿಸಿಗೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಸಿತಾರಿನ ಸೋರೆ ಬುರುಡೆಗೆ ಬಿಸಿಲು ತಾಗಿಸಲೇಬೇಡಿ.

ಮೈಕು ಮೊದಲು ಒಂದೂವರೆ ಅಡಿ ದೂರ, ಕುದುರೆಗೂ (ತಂತಿ ಹೊರುವ ಬ್ರಿಡ್ಜ್) ದಂಡಿ (ಉದ್ದ ಕತ್ತು) ಶುರುವಾಗುವ ಜಾಗಕ್ಕೂ ನಡುವೆ ಮುಖ ಮಾಡಿ ಇಡಿ. ಪಡಸಾಲೆಯ ದನಿ ಹಿಡಿಸಿದರೆ ಮೂರು ಅಡಿಗೆ ಸರಿಸಿ ನೋಡಿ. ಮೇಲಿನ ಕೋಣೆ ಮತ್ತು ಪಡಸಾಲೆ, ಎರಡೂ ಕಡೆ ಬಾರಿಸಿದ ಒಂದೊಂದು ನಿಮಿಷದ ತುಣುಕು ಇಲ್ಲಿ ಹಾಕಿ. ಕೇಳಿ ಹೇಳುತ್ತೇನೆ.