ಆತ್ಮರಕ್ಷಣೆಗೆ ಕೊಂದೆ ಎಂದವನನ್ನು ಪೊಲೀಸರು ಬರೀ ವಿಚಾರಿಸಿ ಬಿಟ್ಟರೆ ಅದು ಬಂಧನವಲ್ಲವೇ?

ಅಲ್ಲ. ಕೈಗೆ ಕೋಳ ಬಿದ್ದರೂ ಕೆಲವೊಮ್ಮೆ ಬಂಧನ ದಾಖಲಾಗುವುದಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ 2012ರ ಫೆಬ್ರವರಿ 26ರಂದು ಜಾರ್ಜ್ ಝಿಮ್ಮರ್‌ಮನ್ 17 ವರ್ಷದ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದ. ಪೊಲೀಸರು ಕೋಳ ಹಾಕಿ ಠಾಣೆಗೆ ಕರೆದೊಯ್ದರು, ಗಂಟೆಗಟ್ಟಲೆ ವಿಚಾರಿಸಿದರು, ಮನೆಗೆ ಕಳಿಸಿದರು. ಜನ ಸಿಟ್ಟಾಗಿದ್ದು ಸಹಜ ಅಲ್ವಾ? ಆದರೆ ಅಲ್ಲಿನ ಕಾನೂನು ಬೇರೆ ಥರ ಇದೆ. ಆತ್ಮರಕ್ಷಣೆ ಎಂದವನನ್ನು ಬಂಧಿಸಲು, ಅವನು ಬಲ ಬಳಸಿದ್ದು ಕಾನೂನಿಗೆ ವಿರುದ್ಧ ಎಂದು ನಂಬಲು ಗಟ್ಟಿ ಕಾರಣ ಬೇಕು. ಸುಮ್ನೆ ಅನುಮಾನ ಸಾಲದು. ತನಿಖೆ ಮಾಡಲು, ಪ್ರಶ್ನೆ ಕೇಳಲು ಇಷ್ಟೆಲ್ಲ ಬೇಕಿಲ್ಲ.

ಬಿಟ್ಟು ಕಳಿಸಿದರೆ ಕೇಸ್ ಮುಗಿಯಿತು ಅಂತಲೂ ಅಲ್ಲ. ಪ್ರತಿಭಟನೆ ಜಾಸ್ತಿಯಾಗಿ ವಿಶೇಷ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸ್ ನಡೆಸುವ ವಕೀಲರು) ಬಂದರು. ಏಪ್ರಿಲ್ 11ರಂದು ಝಿಮ್ಮರ್‌ಮನ್ ಮೇಲೆ ಎರಡನೇ ದರ್ಜೆಯ ಕೊಲೆ, ಅಂದರೆ ಮೊದಲೇ ಯೋಜಿಸದ ಕೊಲೆಯ ಆರೋಪ ಹೊರಿಸಿ ಬಂಧಿಸಿದರು. 2013ರ ಜುಲೈನಲ್ಲಿ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಅವನನ್ನು ಖುಲಾಸೆ ಮಾಡಿತು.

ನನಗೆ ಮುಖ್ಯ ಅನಿಸುವುದು ಇನ್ನೊಂದಿದೆ. ಬಂಧನವಿಲ್ಲದಾಗ ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ. ಘಟನೆಯ ಮರುದಿನ ಅವನು ಅದೇ ಜಾಗದಲ್ಲಿ ಪೊಲೀಸರಿಗೆ ನಡೆದದ್ದನ್ನು ತೋರಿಸಿದ್ದ. ಆ ವಿಡಿಯೊವನ್ನು ಕೋರ್ಟಿನಲ್ಲಿ ಜ್ಯೂರಿ ಮುಂದೆ ಹಾಕಿದರು.