ಚಾಮಯ್ಯ ಮೇಷ್ಟ್ರ ಮೇಲೆ ಈಗ ನನಗೆ ಸಿಟ್ಟು ಬರುತ್ತದೆ

ಚಿಕ್ಕಂದಿನಲ್ಲಿ ಮೆಚ್ಚಿದ ಸಿನಿಮಾಗಳನ್ನು ಈಗ ಮತ್ತೆ ನೋಡಿದರೆ ಅದೇ ರುಚಿ ಸಿಗುತ್ತದಾ, ಇಲ್ಲಾ ಹಳಸಿ ಹೋಗಿರುತ್ತವಾ ಅಂತ ಕೇಳಿದ್ದೀರಿ. ಹತ್ತಾರು ಹೆಸರು ಹೇಳಬಹುದು. ಆದರೆ ನನ್ನ ತಲೆಯಲ್ಲಿ ಬಿಡದೆ ಕೂತಿರುವುದು ಒಂದೇ, 'ನಾಗರಹಾವು'. ನಿರ್ದೇಶನ ಪುಟ್ಟಣ್ಣ ಕಣಗಾಲ್, 1972.

ನಾನು ಹುಟ್ಟುವ ಮೊದಲೇ ಬಂದ ಚಿತ್ರ ಅದು. ನಾನು ನೋಡಿದ್ದು ಏಳನೇ ಕ್ಲಾಸಿನಲ್ಲಿ, ದೂರದರ್ಶನದಲ್ಲಿ, ಪಕ್ಕದ ಮನೆಯವರ ಟೀವಿಯಲ್ಲಿ. ನಮ್ಮದು ಚಳ್ಳಕೆರೆ ಕಡೆ. ಹಾಗಾಗಿ ಚಿತ್ರದುರ್ಗದ ಕೋಟೆ ಕಂಡಾಗಲೆಲ್ಲ "ಅದು ನಾವು ಹೋಗಿದ್ವಲ್ಲ ಅದೇ ಬಂಡೆ" ಅಂತ ಚಾಪೆ ಮೇಲೆ ಕೂತ ಹುಡುಗರೆಲ್ಲ ಕೂಗುತ್ತಿದ್ದೆವು, ಆ ಮನೆ ಅಜ್ಜಿ ಬೈಯುತ್ತಿದ್ದರು. ಓಬವ್ವನ ಹಾಡು ಮುಗಿಯುವ ಹೊತ್ತಿಗೆ ನಾವೆಲ್ಲ ಒನಕೆ ಹಿಡಿದವರೇ. ಆಮೇಲೆ, ಸಿನಿಮಾ ಇನ್ನೇನು ಮುಗಿಯುತ್ತದೆ ಅನ್ನುವಾಗ ಕರೆಂಟು ಹೋಯಿತು. ವಾಪಸ್ ಬಂದಾಗ ವಾರ್ತೆ ಓದುತ್ತಿದ್ದರು.

ಮಾರನೇ ದಿನ ಸ್ಕೂಲಿನಲ್ಲಿ ಗೆಳೆಯನೊಬ್ಬ ಕೊನೆ ಹೇಳಿದ. ಚಾಮಯ್ಯ ಮೇಷ್ಟ್ರು ಬೆಟ್ಟದ ಮೇಲೆ ಕಾಲು ಜಾರಿ ಬಿದ್ದು ಸತ್ತರಂತೆ, ಆ ದುಃಖಕ್ಕೆ ಅವರ ಶಿಷ್ಯ, ಚಿತ್ರದ ನಾಯಕ ರಾಮಾಚಾರಿ ತನ್ನ ಪ್ರೇಯಸಿ ಮಾರ್ಗರೇಟಳ ಜೊತೆ ತಾನೂ ಹಾರಿಬಿಟ್ಟನಂತೆ. ಸುಮಾರು ವರ್ಷ ನಾನು ಇದನ್ನೇ ನಂಬಿದ್ದೆ.

2018ರಲ್ಲಿ ಚಿತ್ರವನ್ನು ಡಿಜಿಟಲ್ ಮಾಡಿ ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಹೆಂಡತಿಯನ್ನೂ ಕರೆದುಕೊಂಡು ಥಿಯೇಟರಿಗೆ ಹೋದೆ. ರಾಮಾಚಾರಿಯಾಗಿ ವಿಷ್ಣುವರ್ಧನ್ ತೆರೆ ಮೇಲೆ ಬಂದಾಗ ಹೊಡೆದ ಶಿಳ್ಳೆಗೆ ಕಿವಿ ಮುಚ್ಚಿಕೊಳ್ಳಬೇಕಾಯಿತು. ನಾನೂ ಹೊಡೆದೆ, ಸುಳ್ಳು ಯಾಕೆ. 'ಬಾರೆ ಬಾರೆ' ಹಾಡಿನ ಸ್ಲೋ ಮೋಷನ್ ಇವತ್ತಿಗೂ ಚಂದ. ವಿಜಯಭಾಸ್ಕರ್ ಸಂಗೀತಕ್ಕೆ ವಯಸ್ಸೇ ಆಗಿಲ್ಲ. ಹೊಡೆದಾಟಗಳು ಮಾತ್ರ ನಗು ತರಿಸುತ್ತವೆ, ಅದು ಬಿಡಿ.

ಆಮೇಲೆ ಜಲೀಲ ಬಂದ. ಆ ಪಾತ್ರ ಮಾಡಿದ ಅಂಬರೀಶ್ ಅವರ ಮೊದಲ ಸಿನಿಮಾ ಇದು. "ಹೇ ಬುಲ್ ಬುಲ್, ಮಾತಾಡಕಿಲ್ವಾ" ಅಂದ ಕೂಡಲೇ ಇಡೀ ಥಿಯೇಟರು ಕುಣಿಯಿತು. ಹೆಂಡತಿ ಸುಮ್ಮನೆ ಕೂತಿದ್ದಳು. ಅವಳು ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ದಿನಾ ಇದೇ ಡೈಲಾಗ್ ಹೊಡೆಯುತ್ತಿದ್ದನಂತೆ. ಮದುವೆಯಾಗಿ ಅಷ್ಟು ವರ್ಷವಾದರೂ ನನಗೆ ಹೇಳಿರಲಿಲ್ಲ. ಸಿನಿಮಾದಲ್ಲಿ ಅವನು ಕೆಟ್ಟವನೇ, ರಾಮಾಚಾರಿ ಕೈಲಿ ಒದೆ ತಿನ್ನುತ್ತಾನೆ. ಆದರೆ ಜನ ಮನೆಗೆ ತೆಗೆದುಕೊಂಡು ಹೋಗಿದ್ದು ಆ ಡೈಲಾಗನ್ನೇ ಅಲ್ವಾ.

ಇನ್ನು ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರನ್ನು ನೋಡಿದರೆ ಎಂಥವರಿಗೂ ತಮ್ಮ ಮೇಷ್ಟ್ರು ನೆನಪಾಗುತ್ತಾರೆ. ಊರೆಲ್ಲ ಪುಂಡ ಅನ್ನುವ ಹುಡುಗನನ್ನು ಇವರೊಬ್ಬರೇ ಪ್ರೀತಿಯಿಂದ ಕಾಣುವುದು. ಅವನೂ ಅಷ್ಟೇ, ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕಿದ ಹುಡುಗ, ಇವರ ಒಂದು ಮಾತಿಗೆ ತಲೆ ಬಾಗಿಸುತ್ತಾನೆ. ಆ ಮಾತಿನಿಂದಲೇ ಮೇಷ್ಟ್ರು ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಅನ್ನುತ್ತಾರೆ. ಅವನು ಬಿಟ್ಟುಕೊಡುತ್ತಾನೆ. ಏಳನೇ ಕ್ಲಾಸಿನಲ್ಲಿ ಈ ತ್ಯಾಗ ನೋಡಿ ನಾನು ಅತ್ತಿದ್ದೆ. ಈ ಸಲ ನನಗೆ ಹೊಟ್ಟೆಯೊಳಗೆ ಉರಿಯಿತು. ಯಾರನ್ನು ಕೇಳಿ ಬಿಟ್ಟುಕೊಟ್ಟೆ ಮಾರಾಯ? ಬದುಕು ಅವಳದ್ದು, ತೀರ್ಮಾನ ಮಾಡಿದ್ದು ನೀವಿಬ್ಬರು. ತ್ಯಾಗ ಮಾಡಿದವನಿಗೆ ದೊಡ್ಡ ಹೆಸರು ಬಂತು, ಅನುಭವಿಸಿದವಳು ಅವಳು. ಮುಂದೆ ಅಲಮೇಲು ಎಂಥ ಸ್ಥಿತಿಯಲ್ಲಿ ಸಿಗುತ್ತಾಳೆ ಅಂತ ಸಿನಿಮಾ ನೋಡಿದವರಿಗೆ ಗೊತ್ತು. ಆರತಿ ಅವರ ಮುಖ ಆ ದೃಶ್ಯದಲ್ಲಿ ನೋಡಲಾಗುವುದಿಲ್ಲ.

ಇಲ್ಲೇ ನನಗೆ ಪುಟ್ಟಣ್ಣನವರ ಮೇಲೆ ಗೌರವ ಜಾಸ್ತಿಯಾಗಿದ್ದು. ಸಿನಿಮಾ ಹಳೆಯದಾಯಿತು ಅಂತ ನಾನು ಕೋಪ ಮಾಡಿಕೊಳ್ಳುವ ಹೊತ್ತಿಗೆ, ಆ ಸಿನಿಮಾವೇ ಆ ಕೋಪವನ್ನು ರಾಮಾಚಾರಿ ಬಾಯಲ್ಲಿ ಹೇಳಿಸುತ್ತದೆ. ಮಾರ್ಗರೇಟಳನ್ನೂ ಬಿಡು ಅಂತ ಮೇಷ್ಟ್ರು ಬಂದಾಗ ಅವನು ಒಪ್ಪುವುದಿಲ್ಲ. ಒಂದು ಸಲ ನಿಮ್ಮ ಮಾತು ಕೇಳಿ ಏನಾಯಿತು ನೋಡಿ ಅಂತ ತಿರುಗಿಬೀಳುತ್ತಾನೆ. 1972ರಲ್ಲೇ ಅವರಿಗೆ ಇದು ಕಂಡಿತ್ತು. ಕಾಣಲು ನನಗೆ ನಲವತ್ತು ವಯಸ್ಸಾಗಬೇಕಾಯಿತು. (ಇದು ತರಾಸು ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಚಿತ್ರ. ಅವರಿಗೆ ಇದು ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರು ಅನ್ನುವ ಮಾತು ಪ್ರಸಿದ್ಧ. ಅಷ್ಟೇನೂ ಕೇರೆ ಅಲ್ಲ ಬಿಡಿ.)

ಬೇರೆ ಸಿನಿಮಾಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 'ಗಣೇಶನ ಮದುವೆ' (1990) ಒಂಚೂರೂ ಹಳಸಿಲ್ಲ. ಒಂದೇ ವಠಾರದಲ್ಲಿ ದಿನಾ ಕಿತ್ತಾಡುವ ಇಬ್ಬರು, ಗೊತ್ತಿಲ್ಲದೆ ಕಾಗದದಲ್ಲಿ ಪ್ರೀತಿಸುವ ಕಥೆ ಈಗಿನ ಕಾಲದಲ್ಲಿ ನಡೆಯುವುದಿಲ್ಲ, ಡಿಪಿ ನೋಡಿದರೆ ಮುಗೀತು. ಆದರೂ ಅನಂತ್ ನಾಗ್ ಅವರ ಮುಖ ನೋಡಿದರೆ ನಗು ಬಂದೇ ಬರುತ್ತದೆ. 'ಸಂಪತ್ತಿಗೆ ಸವಾಲ್' (1974) ಮಗಳ ಜೊತೆ ನೋಡಿದೆ. ಎಮ್ಮೆ ಮೇಲೆ ರಾಜ್‌ಕುಮಾರ್ 'ಯಾರೇ ಕೂಗಾಡಲಿ' ಹಾಡುವುದು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಮೂರು ಸಲ ಹಾಕಿಸಿದಳು. ಆದರೆ ಮಂಜುಳಾ ಪಾತ್ರದ ಸೊಕ್ಕು ಇಳಿಸುವ ಭಾಗ ಬಂದಾಗ "ಅಪ್ಪಾ, ಅವನಿಗೂ ಸೊಕ್ಕಿದೆ ಅಲ್ವಾ?" ಅಂದಳು. ಏನು ಹೇಳೋದು.

ಮತ್ತೆ ನಾಗರಹಾವಿಗೆ ಬರುತ್ತೇನೆ. ಆ ಕೊನೆಯ ದೃಶ್ಯ. ಮೇಷ್ಟ್ರ ಕಾಲು ಜಾರುವುದಿಲ್ಲ. ಸಿಟ್ಟಿನ ಭರದಲ್ಲಿ ರಾಮಾಚಾರಿಯೇ ತಳ್ಳಿಬಿಡುತ್ತಾನೆ, ಬೇಕಂತಲ್ಲ, ಆದರೂ ಕೈ ಅವನದೇ. ಥಿಯೇಟರಿನಿಂದ ಹೊರಗೆ ಬಂದು ಆ ಹಳೇ ಗೆಳೆಯನಿಗೆ ಫೋನ್ ಮಾಡಿದೆ. "ಲೋ, ಕಾಲು ಜಾರಿ ಬಿದ್ದರು ಅಂದಿದ್ಯಲ್ಲೋ, ಅವನೇ ತಳ್ಳಿದ್ದು ಕಣೋ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಲ್ಲ ಕಣೋ, ನಾನು ನೋಡಿದಾಗ ಜಾರಿ ಬಿದ್ದಿದ್ರು" ಅಂದ.