ಕೇರಳದವನಿಗೆ ಇಷ್ಟು ಒಳ್ಳೆ ಕನ್ನಡ ಹೇಗೆ ಅಂತ ಕೇಳಿದೆಯಲ್ಲ

ಮಾರಾಯ, ಮೊನ್ನೆ ಫೋನಿನಲ್ಲಿ ನೀನು ಎರಡು ಮಾತು ಕೇಳಿದೆ. "ಕೇರಳದವನಾಗಿ ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತೆ?" ಆಮೇಲೆ, "ಬೀಚ್ ಪಕ್ಕ ಮನೆ ಅಂತೀಯ, ದಿನಾ ರಜೆ ಇದ್ದ ಹಾಗೆ ಅಲ್ವಾ?" ಆಗ ನಕ್ಕು ಸುಮ್ಮನಾದೆ. ಆದರೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವನು ನೀನು. ನಿನಗಾದರೂ ಬಿಡಿಸಿ ಹೇಳಬೇಕು ಅನಿಸಿತು.

ನಮ್ಮದು ಮಂಜೇಶ್ವರದ ಹತ್ತಿರ, ಕಣ್ವತೀರ್ಥದ ಕಡಲ ಬದಿ. ಹೆಸರಿಗೆ ಕಾಸರಗೋಡು ಜಿಲ್ಲೆ, ಬದುಕೆಲ್ಲ ಮಂಗಳೂರಿನ ಜೊತೆ. ಆಸ್ಪತ್ರೆ, ಕಾಲೇಜು, ಕೆಲಸ, ಮದುವೆ ಸೀರೆ ಎಲ್ಲ ಅಲ್ಲೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟ ಸಿಟಿ ಬಸ್ಸು ತಲಪಾಡಿಗೆ ಬಂದು ತಿರುಗುತ್ತದೆ. ಅಲ್ಲಿ ಗಡಿ. ಇಳಿದು ಬೇರೆ ಬಸ್ಸು ಹಿಡಿಯಬೇಕು. ನಮ್ಮ ಬೈಕುಗಳು ಪೆಟ್ರೋಲಿಗೆ ಆ ಕಡೆ ಹೋಗುತ್ತವೆ, ಅಲ್ಲಿ ರೇಟು ಕಮ್ಮಿ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ಕರ್ನಾಟಕದವರು ಈ ಗಡಿಯನ್ನೇ ಮುಚ್ಚಿದ್ದರು. ಆಂಬ್ಯುಲೆನ್ಸುಗಳು ವಾಪಸ್ ಬಂದವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳ ಬಗ್ಗೆ ಇಲ್ಲಿ ಈಗಲೂ ಯಾರೂ ತಮಾಷೆ ಮಾಡುವುದಿಲ್ಲ.

ಊರಿನ ನಕ್ಷೆ ಸುಲಭ. ಪೂರ್ವಕ್ಕೆ ಹೈವೇ, ಅದರ ಪಶ್ಚಿಮಕ್ಕೆ ರೈಲು ಹಳಿ. ಹಳಿ ದಾಟಿದ ಮೇಲೆ ಕೆಂಪು ಮಣ್ಣು ಮುಗಿದು ಹೊಯಿಗೆ ಶುರು. ತೆಂಗಿನ ತೋಟ, ಒಣಗಲು ಹಾಕಿದ ಬಲೆ, ಆಮೇಲೆ ಕಡಲು. ನೀನು ಅಂದುಕೊಂಡ ಬೀಚಿನಲ್ಲಿ ಕುರ್ಚಿ, ಕೊಡೆ ಇರಬಹುದು. ನಮ್ಮಲ್ಲಿ ಉಪ್ಪು ಗಾಳಿ ಉಂಟು. ಗೇಟು, ಫ್ಯಾನು, ಕಿಟಕಿ ಸರಳು, ಯಾವ ಕಬ್ಬಿಣವನ್ನೂ ಅದು ಬಿಡುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಪೂರ್ತಿ ಸದ್ದು. ನೆಂಟರಿಗೆ ನಿದ್ರೆ ಬರುವುದಿಲ್ಲ, ನಮಗೆ ಅದು ಇಲ್ಲದ ಊರಿನಲ್ಲಿ ನಿದ್ರೆ ಬರುವುದಿಲ್ಲ. ಟ್ರಾಲ್ ಬೋಟುಗಳಿಗೆ ಮಳೆಗಾಲದ ರಜೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಕೇರಳದಲ್ಲಿ 52 ದಿನ. ಆ ನಡುವಿನ ಒಂಬತ್ತು ದಿನ ಬಂಗುಡೆ ಯಾವ ರಾಜ್ಯದ್ದು ಅಂತ ಇಲ್ಲಿ ಒಳ್ಳೆ ಚರ್ಚೆ ಆಗುತ್ತದೆ.

ಇನ್ನು ನಿನ್ನ ಮೊದಲ ಪ್ರಶ್ನೆ. ಕನ್ನಡ ನಾನು ಎಲ್ಲಿಗೂ ಹೋಗಿ ಕಲಿತದ್ದಲ್ಲ. ಮನೆಯಲ್ಲಿ ತುಳು, ಪಕ್ಕದ ಮನೆಯವರ ಜೊತೆ ಬ್ಯಾರಿ, ಬಸ್ಸಿನಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಗೋವಿಂದ ಪೈಗಳ ಮನೆ ನಮ್ಮ ಮಂಜೇಶ್ವರದಲ್ಲೇ ಉಂಟು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. ಆಗ ನಾವೆಲ್ಲ ಮದ್ರಾಸಿನ ದಕ್ಷಿಣ ಕನ್ನಡದಲ್ಲಿದ್ದೆವು. 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಹೋಗಲಿ ಅಂದಿತು. ಅದು ಕಾಗದದಲ್ಲೇ ಉಳಿಯಿತು. ನಮ್ಮ ಅಜ್ಜ ಇಷ್ಟೆಲ್ಲ ಆಗುವಾಗ ಮನೆಯ ಜಗಲಿ ಬಿಟ್ಟು ಇಳಿದವರೇ ಅಲ್ಲ.

ಕಾಗದ ಅಂದೆ ನೋಡು, ನನ್ನ ತಲೆಬಿಸಿ ಅದೇ. ಎರಡು ಮಳೆಗಾಲದ ಹಿಂದೆ ಕಡಲ್ಕೊರೆತಕ್ಕೆ ನಮ್ಮ ಮೊದಲ ಸಾಲಿನ ಏಳು ತೆಂಗು ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಲು ಒಂದು ಆಫೀಸಿಗೆ ಹೋದೆ. ಅರ್ಜಿ ಮಲಯಾಳಂನಲ್ಲಿತ್ತು. ನಾನು ಮಲಯಾಳಂ ಮಾತಾಡುತ್ತೇನೆ, ಅಕ್ಷರ ಬರುವುದಿಲ್ಲ. ನಮ್ಮ ಜಾಗದ ಹಳೇ ದಾಖಲೆ ಕನ್ನಡದಲ್ಲಿವೆ. ಮೇಜಿನ ಆಚೆ ಕೂತವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು, ಒಳ್ಳೆಯ ಜನ, ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಕಾಗದ ಅವರು ಓದಲಾರರು, ಅವರದ್ದು ನಾನು ಓದಲಾರೆ. ಕೊನೆಗೆ ಜೆರಾಕ್ಸ್ ಅಂಗಡಿಯ ಬ್ಯಾರಿ ಹುಡುಗ ಇಬ್ಬರಿಗೂ ಓದಿ ಹೇಳಿದ. ಎರಡೂ ಲಿಪಿ ಬರುವ ಅವನಿಗೇ ಆ ಕುರ್ಚಿ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಅಲ್ಲಿಗೂ ಮುಗಿಯಲಿಲ್ಲ. ಅಪ್ಪನ ಹೆಸರು ಐತಪ್ಪ. ಯಾವುದೋ ಕಾಲದಲ್ಲಿ ರೇಷನ್ ಕಾರ್ಡಿನಲ್ಲಿ ಐತಪ್ಪನ್ ಆಗಿಬಿಟ್ಟಿದೆ. ಇಬ್ಬರೂ ಒಬ್ಬರೇ ಅನ್ನಲು 'ಒನ್ ಆ್ಯಂಡ್ ಸೇಮ್' ಸರ್ಟಿಫಿಕೇಟು ಬೇಕು. ಅದಕ್ಕೂ ಒಂದು ಅರ್ಜಿ, ಯಾವ ಭಾಷೆಯಲ್ಲಿ ಅಂತ ಕೇಳಬೇಡ. ಇಲ್ಲಿನ ಕನ್ನಡಿಗರು, ತಮಿಳರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು ಅಂತ ಕೇರಳದ ಕಾನೂನೇ ಹೇಳುತ್ತದೆ. ನಾನು ಹಾಗೇ ಬರೆದುಕೊಟ್ಟೆ. ಅದನ್ನು ಓದುವವರು ಸಿಗಲಿ ಅಂತ ಕಡತ ಕಾಯುತ್ತಾ ಉಂಟಂತೆ.

ನಿಜ ಹೇಳಬೇಕೆಂದರೆ ಆ ಆಫೀಸಿಗಿಂತ ನಿನ್ನ ಮಾತೇ ಜಾಸ್ತಿ ಚುಚ್ಚಿತು. ಅಲ್ಲಿ ನಾನು ಕನ್ನಡದವನು ಅಂತ ಪಕ್ಕಕ್ಕೆ ನಿಲ್ಲುತ್ತೇನೆ. ಬೆಂಗಳೂರಿಗೆ ಬಂದರೆ ನೀನು "ಪರವಾಗಿಲ್ವೇ, ಚೆನ್ನಾಗಿ ಮಾತಾಡ್ತೀಯ" ಅಂತ ಬೆನ್ನು ತಟ್ಟುತ್ತೀಯ! ಅಲ್ಲ ಮಾರಾಯ, ನಿನ್ನ ಮಗನಿಗೆ ಕನ್ನಡ ಓದಲು ಬರುತ್ತದಾ? ಬೇಡ, ಬಿಡು.

ಈ ಮಳೆಗಾಲಕ್ಕೆ ಎರಡನೆಯ ಸಾಲಿನ ತೆಂಗು ಉಳಿಯುವುದು ಕಷ್ಟ. ಬರುವುದಾದರೆ ಜೂನಿಗೆ ಮೊದಲೇ ಬಾ. ತಲಪಾಡಿಯಲ್ಲಿ ಇಳಿ, ನಾನು ಬೈಕು ತರುತ್ತೇನೆ. ಪೆಟ್ರೋಲು ಹಾಕಿಸಲು ಹೇಗೂ ಅಲ್ಲಿಗೆ ಬರಲಿಕ್ಕುಂಟು.